ಗಡ್ಡೆಯ ರಕ್ತನಾಳಕ್ಕೆ ಗುರಿಯಿಟ್ಟ ನ್ಯಾನೋ ಔಷಧಿ

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಸಾಕು, ನಾಲ್ಕು ಕಡೆಯಿಂದ ಸಲಹೆಗಳು ಬರುತ್ತವೆ. ‘ನ್ಯಾನೋ ಚಿಕಿತ್ಸೆ ಬಂದಿದೆಯಂತೆ, ಇನ್ನು ಕೀಮೋ ಬೇಡವಂತೆ’ ಎಂಬುದೂ ಅವುಗಳಲ್ಲೊಂದು. ಇದರಲ್ಲಿ ನಿಜವೆಷ್ಟು?

ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಿ ಬೆಳೆಯಲು ಗಡ್ಡೆಗೆ ರಕ್ತ ಬೇಕು. ಅದಕ್ಕಾಗಿ ಅದು ತನ್ನ ಸುತ್ತ ಹೊಸ ರಕ್ತನಾಳಗಳು ಹುಟ್ಟುವಂತೆ ಮಾಡುತ್ತದೆ. ಈ ನಾಳಗಳನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದೆಂದು 1971ರಲ್ಲಿ ಅಮೆರಿಕದ ವೈದ್ಯ ಜುಡಾ ಫೋಕ್‌ಮನ್ ಹೇಳಿದರು. ಆ ದಾರಿಯಲ್ಲಿ ಬಂದ ಬೆವಾಸಿಜುಮ್ಯಾಬ್ ಔಷಧಿಗೆ 2004ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಆದರೆ ಒಂದು ತೊಡಕಿದೆ. ರಕ್ತದ ದಾರಿ ಪೂರ್ತಿ ಮುಚ್ಚಿದರೆ ಕೀಮೋ ಔಷಧಿಯೂ ಗಡ್ಡೆಯೊಳಗೆ ಹೋಗಲಾರದು.

ಇದಕ್ಕೆ ಉಪಾಯ ಹುಡುಕಿದವರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿದ ರಾಮ್ ಶಶಿಶೇಖರನ್ ಒಬ್ಬರು. ಅಮೆರಿಕದ ಎಂಐಟಿಯಲ್ಲಿ ಅವರು, ಶಿಲಾದಿತ್ಯ ಸೇನ್‌ಗುಪ್ತ ಮತ್ತು ಸಂಗಡಿಗರು ರೂಪಿಸಿದ ‘ನ್ಯಾನೋಸೆಲ್’ನ ವಿವರ 2005ರಲ್ಲಿ ಪ್ರಕಟವಾಯಿತು. ಅದು ಬಲೂನಿನೊಳಗೆ ಇನ್ನೊಂದು ಬಲೂನು ಇದ್ದಂತೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೋಮೀಟರ್. ಈ ಕಣದ ಅಳತೆ ಅಂಥ ಸುಮಾರು 200. ಆರೋಗ್ಯವಂತ ರಕ್ತನಾಳದ ಗೋಡೆ ಬಿಗಿಯಾಗಿರುತ್ತದೆ. ಗಡ್ಡೆಯ ನಾಳ ಅವಸರದಲ್ಲಿ ಕಟ್ಟಿದ ಗೋಡೆಯಂತೆ, ಬಿರುಕುಗಳೇ ಹೆಚ್ಚು. ಕಣ ಅಲ್ಲಿಂದ ಒಳಗೆ ಜಾರುತ್ತದೆ. ಹೊರಪದರದ ಔಷಧಿ ಮೊದಲು ಬಿಡುಗಡೆಯಾಗಿ ರಕ್ತನಾಳವನ್ನು ಕುಸಿಯುವಂತೆ ಮಾಡುತ್ತದೆ. ಒಳಗೇ ಸಿಕ್ಕಿಕೊಂಡ ಕೀಮೋ ಔಷಧಿ ಆಮೇಲೆ ನಿಧಾನವಾಗಿ ಹೊರಬಂದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ.

ಫಲಿತಾಂಶ ಚೆನ್ನಾಗಿತ್ತು. ಆದರೆ ಅದು ಇಲಿಗಳ ಮೇಲಿನ ಪ್ರಯೋಗ ಎಂಬುದನ್ನು ಮರೆಯಬಾರದು. ಇಲಿಯಲ್ಲಿ ಗೆದ್ದ ಎಷ್ಟೋ ಔಷಧಿಗಳು ಮನುಷ್ಯರಲ್ಲಿ ಸೋತಿವೆ.

ಹಾಗಾದರೆ ರೋಗಿಗಳಿಗೆ ಸಿಗುವ ನ್ಯಾನೋ ಔಷಧಿ ಇಲ್ಲವೇ? ಇದೆ. ಕೊಬ್ಬಿನ ಸಣ್ಣ ಕಣಗಳಲ್ಲಿ ತುಂಬಿದ ಲೈಪೋಸೋಮಲ್ ಡಾಕ್ಸೋರುಬಿಸಿನ್‌ಗೆ ಅಮೆರಿಕದಲ್ಲಿ 1995ರಲ್ಲೇ ಅನುಮತಿ ಸಿಕ್ಕಿದೆ. ಅಂಡಾಶಯದ ಕ್ಯಾನ್ಸರ್ ಮುಂತಾದವುಗಳಿಗೆ ಇದನ್ನು ಕೊಡುತ್ತಾರೆ. ಸಾಮಾನ್ಯ ಡಾಕ್ಸೋರುಬಿಸಿನ್‌ಗಿಂತ ಹೃದಯಕ್ಕೆ ಇದರಿಂದ ಹಾನಿ ಕಡಿಮೆ. ಆದರೆ ಅಂಗೈ, ಅಂಗಾಲು ಕೆಂಪಾಗಿ ಉರಿಯಬಹುದು. ನೆನಪಿಡಿ, ಇದೂ ಕೀಮೋ ಔಷಧಿಯೇ.

ಆದ್ದರಿಂದ ‘ನ್ಯಾನೋ’ ಎಂಬ ಹೆಸರು ನಂಬಿ ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬೇಡಿ. ಆ ಹೆಸರಿನಲ್ಲಿ ಯಾರಾದರೂ ಪುಡಿ, ಹನಿ ಮಾರಲು ಬಂದರೆ ಕೊಳ್ಳುವ ಮೊದಲು ನಿಮ್ಮ ವೈದ್ಯರಿಗೆ ತೋರಿಸಿ. ಬೆವಾಸಿಜುಮ್ಯಾಬ್ ಪಡೆಯುವವರಿಗೆ ರಕ್ತದೊತ್ತಡ ಏರಬಹುದು, ಗಾಯ ಮಾಯಲು ತಡವಾಗಬಹುದು. ಹಲ್ಲು ಕೀಳಿಸುವ ಮೊದಲೂ ವೈದ್ಯರಿಗೆ ತಿಳಿಸಿ. ಲಿಂಗರಾಜಪುರದವರು ಎರಡನೆಯ ಅಭಿಪ್ರಾಯ ಬೇಕೆಂದರೆ ಹೊಸೂರು ರಸ್ತೆಯ ಸರಕಾರಿ ಕಿದ್ವಾಯಿ ಆಸ್ಪತ್ರೆಗೆ ಹೋಗಬಹುದು. ಹಳೆಯ ವರದಿಗಳು ಮತ್ತು ಪಡಿತರ ಚೀಟಿ ಕೈಯಲ್ಲಿರಲಿ. ದುಆ ಮಾಡೋಣ, ಚಿಕಿತ್ಸೆಯ ಒಂದು ದಿನವನ್ನೂ ತಪ್ಪಿಸದಿರೋಣ.