ಮತ್ತೆ ನುಡಿಯುವ ನಾಲಿಗೆ

ಷಟ್‌ಸ್ಥಲ ಸಿದ್ಧಾಂತದಲ್ಲಿ ಜಿಹ್ವೆಯು ಗುರುಲಿಂಗದ ನೆಲೆ. ಪ್ರಸಾದವನ್ನು ಸವಿಯುವುದೂ ಮಂತ್ರವನ್ನು ನುಡಿಯುವುದೂ ಅದರಿಂದಲೇ. ಆದುದರಿಂದ ಕಲಘಟಗಿ ತಾಲೂಕಿನ ದೇವಿಕೊಪ್ಪದಲ್ಲಿ ಹಿರಿಯ ಭಕ್ತರೊಬ್ಬರು ಕೇಳಿದ ಪ್ರಶ್ನೆ ನಮ್ಮ ಮನಸ್ಸನ್ನು ಕಲಕಿತು: "ಶಾಸ್ತ್ರಿಗಳ, ಕ್ಯಾನ್ಸರ್ ಐತಿ, ನಾಲಿಗಿ ಕೊಯ್ಯಬೇಕಂತ ಡಾಕ್ಟರ್ ಹೇಳ್ಯಾರ್ರೀ. ಆಮ್ಯಾಲೆ ಶಿವನಾಮ ಹ್ಯಾಂಗ ನುಡೀಲಿ?"

ಈ ಅಂಜಿಕೆಯಿಂದಲೇ ಚಿಕಿತ್ಸೆಯನ್ನು ಮುಂದೂಡುವವರಿದ್ದಾರೆ. ಮುಂದೂಡಿದಷ್ಟೂ ಗಡ್ಡೆ ಬೆಳೆದು, ಕೊಯ್ಯಬೇಕಾದ ಭಾಗವೂ ಹೆಚ್ಚುತ್ತದೆ.

ದೇಹದ ಒಂದೆಡೆಯ ಚರ್ಮದಿಂದ ಇನ್ನೊಂದೆಡೆಯ ಊನವನ್ನು ತುಂಬುವ ವಿದ್ಯೆ ನಮಗೆ ಹೊಸದಲ್ಲ. ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟುವ ಕ್ರಮ ಸುಶ್ರುತಸಂಹಿತೆಯಲ್ಲಿದೆ. 1979ರಲ್ಲಿ ಅಮೆರಿಕೆಯ ವೈದ್ಯ ಆರಿಯನ್ ಅವರು ಎದೆಯ ಸ್ನಾಯುವನ್ನು ಚರ್ಮಸಹಿತವಾಗಿ, ರಕ್ತನಾಳ ಕಡಿಯದಂತೆ, ಕತ್ತಿನ ಚರ್ಮದಡಿಯಿಂದ ಬಾಯಿಗೆ ತರುವ ವಿಧಾನವನ್ನು ಪ್ರಕಟಿಸಿದರು. 1981ರಲ್ಲಿ ಚೀನಾದ ವೈದ್ಯರು ಮುಂಗೈಯ ತೆಳುವಾದ ಚರ್ಮವನ್ನು ಅದರ ರಕ್ತನಾಳದೊಡನೆ ಬಿಡಿಸಿ ಬೇರೆಡೆ ಕೂಡಿಸುವ ಕ್ರಮವನ್ನು ತಿಳಿಸಿದರು. ಇಂತಹ ಜೀವಂತ ಅಂಗಾಂಶದ ತುಂಡಿಗೆ ವೈದ್ಯರು 'ಫ್ಲ್ಯಾಪ್' ಎನ್ನುತ್ತಾರೆ.

ನಾಲಿಗೆಯ ಅಲ್ಪಭಾಗವನ್ನಷ್ಟೇ ತೆಗೆದರೆ ಹೊಲಿಗೆಯೇ ಸಾಕಾಗಬಹುದು. ಅರ್ಧದಷ್ಟು ಹೋದರೆ ಸಾಮಾನ್ಯವಾಗಿ ಮುಂಗೈಯ ಚರ್ಮ, ಇನ್ನೂ ಹೆಚ್ಚು ಹೋದರೆ ತೊಡೆಯ ಅಥವಾ ಎದೆಯ ದಪ್ಪ ಅಂಗಾಂಶ ಬೇಕಾಗುತ್ತದೆ. ಮುಂಗೈ, ತೊಡೆಗಳಿಂದ ತಂದ ಭಾಗದ ಸೂಕ್ಷ್ಮ ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ನೆರವಿನಿಂದ, ಕೂದಲಿಗಿಂತ ತೆಳುವಾದ ದಾರದಲ್ಲಿ ಕತ್ತಿನ ನಾಳಗಳಿಗೆ ಹೊಲಿಯುತ್ತಾರೆ. ಮೊದಲ ಕೆಲವು ದಿನ ಮೂಗಿನ ನಳಿಕೆಯಿಂದ ಆಹಾರ. ಬಳಿಕ ನುಂಗುವ, ಮಾತನಾಡುವ ಅಭ್ಯಾಸ.

ಹೊಸ ಭಾಗವು ರುಚಿಯನ್ನರಿಯದು, ತಾನಾಗಿ ಚಲಿಸದು. ಉಳಿದ ನಾಲಿಗೆಗೆ ಅದು ಆಸರೆ ಮಾತ್ರ. ಆದುದರಿಂದ ಎಷ್ಟು ನಾಲಿಗೆ ಉಳಿಯಿತೋ ಅಷ್ಟು ನುಡಿ ತಿಳಿಯಾಗುತ್ತದೆ. ಎರಡು-ಮೂರು ವಾರಗಳಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕತ್ತಿನ ಗಂಟು ಕಂಡರೆ ಕೂಡಲೇ ತೋರಿಸಬೇಕು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ.

ನಮ್ಮ ಮನೆಗಳ ಹೊಣೆಯೂ ಇದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಎಲೆ-ಅಡಿಕೆಯ ತಟ್ಟೆಯಲ್ಲಿ ತಂಬಾಕನ್ನಿಟ್ಟು ಬೀಗರನ್ನು ಉಪಚರಿಸುವವರನ್ನು ತಡೆಯುವ ಕಾಯಿದೆ ಯಾವುದು? ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ತಜ್ಞರು ನಿರ್ಣಯಿಸಿದ್ದಾರೆ. ಲಿಂಗಕ್ಕೆ ಅರ್ಪಿಸಲಾಗದ ವಸ್ತುವನ್ನು ಅತಿಥಿಗೆ ನೀಡುವುದು ದಾಸೋಹವಲ್ಲ.

ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟೇ: "ತೊದಲಿ ನುಡಿದರೂ ಶಿವನಾಮ ಶಿವನಾಮವೇ. ತಡಮಾಡಿದರೆ ತೊದಲುವುದಕ್ಕೂ ನಾಲಿಗೆ ಉಳಿಯದು. ನಾಳೆಯೇ ಹೊರಡಿರಿ."