ಹೊರಗಿನ ಸ್ಕಾಲರ್‌ಶಿಪ್ ಬಂದರೆ ಕಾಲೇಜಿನ ನೆರವು ಏನಾಗುತ್ತದೆ?

ಅಮೆರಿಕದಲ್ಲಿ ಕಾಲೇಜು ಸೇರಲಿರುವ ಮಗಳು ಪ್ರಬಂಧ ಬರೆದು, ಸಂದರ್ಶನ ಎದುರಿಸಿ 5,000 ಡಾಲರ್ ಸ್ಕಾಲರ್‌ಶಿಪ್ ಗೆಲ್ಲುತ್ತಾಳೆ. ಮನೆಯಲ್ಲಿ ಪಾಯಸ. ಕೆಲವು ವಾರಗಳಲ್ಲಿ ಕಾಲೇಜಿನಿಂದ ಪರಿಷ್ಕೃತ ಪತ್ರ ಬರುತ್ತದೆ: ಕಾಲೇಜು ಕೊಡಬೇಕಿದ್ದ ಅನುದಾನದಲ್ಲಿ 5,000 ಕಡಿತ! ಇದಕ್ಕೆ ಅಲ್ಲಿ ‘ಸ್ಕಾಲರ್‌ಶಿಪ್ ಡಿಸ್‌ಪ್ಲೇಸ್‌ಮೆಂಟ್’ ಎನ್ನುತ್ತಾರೆ. ನಿಯಮ ಮೊದಲೇ ಗೊತ್ತಿದ್ದರೆ ಈ ನಿರಾಸೆಯನ್ನು ಎಷ್ಟೋ ಸಲ ತಪ್ಪಿಸಬಹುದು.

ತಪ್ಪು ಕಲ್ಪನೆ: ಗೆದ್ದ ಹಣವೆಲ್ಲ ಅಪ್ಪ ಅಮ್ಮ ಕಟ್ಟುವ ಪಾಲಿನಿಂದ ಇಳಿಯುತ್ತದೆ.

ಸತ್ಯ: ವರ್ಷದ ಒಟ್ಟು ಖರ್ಚು 60,000 ಡಾಲರ್ ಎಂದುಕೊಳ್ಳಿ. ಫೆಡರಲ್ ನೆರವಿಗೆ ಸಲ್ಲಿಸುವ ಫಾಫ್ಸಾ ಅರ್ಜಿಯ ಲೆಕ್ಕದಲ್ಲಿ ಮನೆಯವರ ಪಾಲು 20,000 ಎಂದಾದರೆ ‘ಅಗತ್ಯ’ 40,000. ಅದನ್ನು ಕಾಲೇಜು 34,000 ಅನುದಾನ, 3,500 ಸಾಲ, ಓದುತ್ತಲೇ ದುಡಿಯುವ 2,500ರ ವರ್ಕ್-ಸ್ಟಡಿ ಕೆಲಸ ಎಂದು ಪೂರ್ತಿ ತುಂಬಿದೆ. ಅಗತ್ಯ ಆಧರಿಸಿದ ನೆರವು ಅಗತ್ಯವನ್ನು ಮೀರಬಾರದೆಂಬುದು ಫೆಡರಲ್ ನಿಯಮ. ಹೊರಗಿನ ಸ್ಕಾಲರ್‌ಶಿಪ್ ಕೂಡ ಆ ಲೆಕ್ಕಕ್ಕೆ ಸೇರುವುದರಿಂದ ಹೊಸ 5,000 ಬಂದಾಗ ಯಾವುದೋ ಒಂದು ಬಾಬ್ತು ಕರಗಲೇಬೇಕು. ಮನೆಯವರ 20,000 ಹಾಗೇ ಉಳಿಯುತ್ತದೆ.

ತಪ್ಪು ಕಲ್ಪನೆ: ಹಾಗಾದರೆ ಅರ್ಜಿ ಹಾಕುವುದೇ ದಂಡ.

ಸತ್ಯ: ಕರಗುವುದು ಯಾವುದು ಎಂಬುದರಲ್ಲೇ ಎಲ್ಲ ಇದೆ. ಸಾಲ ಮತ್ತು ಕೆಲಸವನ್ನು ಮೊದಲು ಇಳಿಸುವ ಕಾಲೇಜಿನಲ್ಲಿ ಅದೇ 5,000 ಮಗಳ ಸಾಲವನ್ನು ಅಳಿಸಿ, ದುಡಿಮೆಯ ಗಂಟೆಗಳನ್ನು ಓದಿಗೆ ಬಿಟ್ಟುಕೊಡುತ್ತದೆ. ಅನುದಾನವನ್ನೇ ಇಳಿಸುವ ಕಡೆ ಲಾಭ ಸೊನ್ನೆ. ಕಾಲೇಜು ಅಗತ್ಯವನ್ನು ಪೂರ್ತಿ ತುಂಬದೆ ಬಿಟ್ಟಿದ್ದರೆ, ಹೊರಗಿನ ಹಣ ಆ ಕೊರತೆ ನೀಗಿಸಲು ಒದಗಬಹುದು.

ತಪ್ಪು ಕಲ್ಪನೆ: ಕಾಲೇಜಿಗೆ ಹೇಳದಿದ್ದರಾಯಿತು.

ಸತ್ಯ: ತಿಳಿಸಲೇಬೇಕು. ಎಷ್ಟೋ ದಾನಿಗಳು ಚೆಕ್ಕನ್ನು ನೇರವಾಗಿ ಕಾಲೇಜಿಗೇ ಕಳಿಸುತ್ತಾರೆ. ಮುಚ್ಚಿಟ್ಟದ್ದು ವರ್ಷದ ನಡುವೆ ಹೊರಬಿದ್ದರೆ ಹೆಚ್ಚಾಗಿ ಪಡೆದದ್ದನ್ನು ಹಿಂದಿರುಗಿಸಬೇಕಾದೀತು.

ತಪ್ಪು ಕಲ್ಪನೆ: ಈ ಕಡಿತಕ್ಕೆ ಕಾನೂನಿನ ತಡೆಯೇ ಇಲ್ಲ.

ಸತ್ಯ: ಮೇರಿಲ್ಯಾಂಡ್ ರಾಜ್ಯ 2017ರಲ್ಲೇ ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಮಿತಿ ಹಾಕಿತು. ಕ್ಯಾಲಿಫೋರ್ನಿಯಾದ ಕಾನೂನು ಫೆಡರಲ್ ಅನುದಾನವಾದ ಪೆಲ್ ಗ್ರ್ಯಾಂಟ್‌ಗೆ ಅರ್ಹರಾದಂಥ ಬಡ ವಿದ್ಯಾರ್ಥಿಗಳನ್ನು ಕಾಯುತ್ತದೆ. ಪೆಲ್ ಗ್ರ್ಯಾಂಟ್ ಕೂಡ ಹೊರಗಿನ ಸ್ಕಾಲರ್‌ಶಿಪ್‌ನಿಂದ ಸಾಮಾನ್ಯವಾಗಿ ಇಳಿಯದು. ಆದರೆ 2026ರ ಜುಲೈಯಿಂದ, ಫೆಡರಲೇತರ ಅನುದಾನಗಳೇ ಪೂರ್ತಿ ಖರ್ಚು ಭರಿಸುವವರಿಗೆ ಅದು ಸಿಗದು.

ತಪ್ಪು ಕಲ್ಪನೆ: ಕರ್ನಾಟಕದಿಂದ ಓದಲು ಹೋದವರಿಗೂ ಇದಕ್ಕೂ ಸಂಬಂಧವಿಲ್ಲ.

ಸತ್ಯ: ಎಫ್-1 ವಿದ್ಯಾರ್ಥಿ ವೀಸಾದವರಿಗೆ, ಎಚ್-4 ಅವಲಂಬಿತ ವೀಸಾದ ಮಕ್ಕಳಿಗೆ ಫೆಡರಲ್ ನೆರವು ಇಲ್ಲ, ನಿಜ. ಆದರೆ ಕಾಲೇಜು ತನ್ನ ನಿಧಿಯಿಂದ ಕೊಡುವ ನೆರವನ್ನು ತನ್ನದೇ ನಿಯಮದಂತೆ ಇಳಿಸಬಹುದು.

ತಪ್ಪು ಕಲ್ಪನೆ: ಸ್ಕಾಲರ್‌ಶಿಪ್‌ಗೆ ತೆರಿಗೆಯಿಲ್ಲ.

ಸತ್ಯ: ಪದವಿ ವಿದ್ಯಾರ್ಥಿಯ ಬೋಧನಾ ಶುಲ್ಕ, ಕಡ್ಡಾಯ ಪುಸ್ತಕಗಳಿಗೆ ಬಳಸಿದರೆ ಇಲ್ಲ. ಊಟ, ವಸತಿಗೆ ಬಳಸಿದ ಭಾಗ ತೆರಿಗೆಯ ಲೆಕ್ಕಕ್ಕೆ ಬರುತ್ತದೆ.

ಆದ್ದರಿಂದ ಸೀಟು ಖಚಿತಪಡಿಸುವ ಮೊದಲೇ ಫೈನಾನ್ಶಿಯಲ್ ಏಡ್ ಕಚೇರಿಗೆ ಬರೆದು ಕೇಳಿ: ಹೊರಗಿನ ಹಣ ಬಂದರೆ ಮೊದಲು ಇಳಿಸುವುದು ಸಾಲವನ್ನೋ, ಅನುದಾನವನ್ನೋ? ಲ್ಯಾಪ್‌ಟಾಪ್ ಖರೀದಿಯನ್ನು ಒಟ್ಟು ಖರ್ಚಿಗೆ ಸೇರಿಸಿ ಅಗತ್ಯದ ಮೊತ್ತ ಏರಿಸಬಹುದೇ? ದಾನಿಗಳನ್ನೂ ಕೇಳಿ: ಹಣವನ್ನು ಎರಡು ವರ್ಷಕ್ಕೆ ಹಂಚಬಹುದೇ? ಮಗು ನಿದ್ದೆಗೆಟ್ಟು ಗಳಿಸಿದ ಹಣವಿದು. ಅದು ಮಗುವಿನ ಸಾಲ ತೀರಿಸಲಿ, ತುಂಬಬೇಕಾದ್ದು ಕಾಲೇಜಿನ ಖಜಾನೆಯನ್ನಲ್ಲ.