ಎರಡನೆಯ ಕೀಲಿಕೈ ಯಾರ ಬಳಿ?

ಭಟ್ಕಳವಿರಲಿ, ಹೊನ್ನಾವರ, ಕುಮಟಾಗಳಿರಲಿ, ಮನೆಗೆ ಬೀಗ ಹಾಕಿ ಪರವೂರಿಗೆ ಹೊರಟವರು ಒಂದು ಕೀಲಿಕೈಯನ್ನು ನೆರೆಮನೆಯಲ್ಲಿ ಕೊಟ್ಟುಹೋಗುವುದುಂಟು. ನಂಬಿಕೆಯಿದ್ದರೆ ಸರಿ. ಇ-ಮೇಲ್ ಗೂಢಲಿಪಿಯ ಜಗಳವೂ ಇದೇ ಬಗೆಯದು.

1991ರಲ್ಲಿ ಅಮೆರಿಕದ ಫಿಲ್ ಝಿಮ್ಮರ್‌ಮನ್ ಪಿಜಿಪಿ ಎಂಬ ತಂತ್ರಾಂಶ ಹೊರತಂದರು. ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ನಿಮಗೆ ಬರೆಯುವ ಪತ್ರಕ್ಕೆ ಬೀಗ ಹಾಕಬಹುದು. ತೆರೆಯಲು ನಿಮ್ಮ ಖಾಸಗಿ ಕೀಲಿಯೇ ಬೇಕು. ಅದು ಕಳೆದುಹೋದರೆ? ನೌಕರ ತೀರಿಕೊಂಡರೆ ಕಂಪನಿಯ ಪತ್ರಗಳ ಗತಿಯೇನು? 1997ರ ಪಿಜಿಪಿ 5.5 ಇದಕ್ಕೊಂದು ಉಪಾಯ ಹೂಡಿತು: ಪತ್ರ ಕಂಪನಿಯ ಕೀಲಿಗೂ ತೆರೆಯುವಂತೆ ಬೀಗ ಹಾಕುವುದು. ಇಂದು ಕಂಪನಿ, ನಾಳೆ ಸರ್ಕಾರ ಎಂದು ವಿರೋಧವೆದ್ದಿತು. ಕಾಪಿಟ್ಟ ಕಡತಕ್ಕೆ ಮರುಕೀಲಿ ಇರಲಿ, ದಾರಿಯಲ್ಲಿರುವ ಪತ್ರಕ್ಕೇಕೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. 2000ದಲ್ಲಿ ಈ ಸೌಲಭ್ಯದಲ್ಲೇ ದೋಷ ಸಿಕ್ಕಿತು. ಕಳ್ಳನೂ ಬೇರೆಯವರ ಬಹಿರಂಗ ಕೀಲಿಗೆ ತನ್ನದನ್ನು ಅಂಟಿಸಬಹುದಿತ್ತು!

ನಮ್ಮಲ್ಲೂ 2015ರ ಸೆಪ್ಟೆಂಬರಿನಲ್ಲಿ ಕರಡು ನೀತಿಯೊಂದು ಬಂತು. ಗೂಢಲಿಪಿಯ ಸಂದೇಶಗಳ ಮೂಲಪಾಠವನ್ನು 90 ದಿನ ಇಟ್ಟುಕೊಂಡು, ಕೇಳಿದಾಗ ತೋರಿಸಬೇಕೆಂದಿತು. ಗದ್ದಲವಾಗಿ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು.

ಬೆಂಗಳೂರಿನ ಹಾಸ್ಟೆಲಿಗೆ ಹೊರಟ ಮಗ ತನ್ನ ಖಾಸಗಿ ಕೀಲಿಯ ಪ್ರತಿಯನ್ನು ಪೆನ್‌ಡ್ರೈವಿಗಿಳಿಸಿ ಅಮ್ಮನ ಕಪಾಟಿನಲ್ಲಿಟ್ಟರೆ ಅದೂ ಮರುಕೀಲಿಯೇ. ಆದರೆ ಕಪಾಟನ್ನು ಆರಿಸಿದವನು ಅವನೇ.